ಮಳೆಗಾಲ ದಾಟಿದ ತುಡುವೆ ಪೆಟ್ಟಿಗೆ: ಹಾಗೇ ಬಿಡುವುದೋ, ಕುಗ್ಗಿಸುವುದೋ, ಮೇಲೆ-ಕೆಳಗೆ ಮಾಡುವುದೋ, ಪಾಲು ಮಾಡುವುದೋ?

ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್ ನಡುವಿನ ತುಳು ತಿಂಗಳು) ಕಳೆದು ನಾಲ್ಕು ದಿನ ಬಿಸಿಲು ಕಾಯಿತೆಂದರೆ ಕಾಸರಗೋಡಿನಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಸಾಕುವವರೆಲ್ಲ ಪೆಟ್ಟಿಗೆ ತೆರೆದು ನೋಡುತ್ತಾರೆ. ಏಪ್ರಿಲಿನಲ್ಲಿ ಏಳು ಎರಿ (ಮೇಣದ ತಟ್ಟಿ) ತುಂಬ ಇದ್ದ ನೊಣ ಈಗ ಮೂರು-ನಾಲ್ಕು ಎರಿಗೆ ಇಳಿದಿರುತ್ತದೆ. ಬದಿಯ ಎರಿಗಳು ಕಪ್ಪಾಗಿ ಒಣಗಿ, ಒಂದೆರಡರಲ್ಲಿ ಮೇಣದ ಹುಳ ಬಲೆ ಕಟ್ಟಿರುತ್ತದೆ. ಸೂಪರ್ (ಜೇನು ತುಂಬಲು ಮೇಲೆ ಇಡುವ ಕೋಣೆ) ತೆಗೆಯದೆ ಬಿಟ್ಟವರ ಪೆಟ್ಟಿಗೆಯಲ್ಲಿ ರಾಣಿ ಮೇಲೆ ಹತ್ತಿ ಅಲ್ಲೇ ಮೊಟ್ಟೆಯಿಟ್ಟಿರುವುದೂ ಉಂಟು. ಇನ್ನು ಮುಂದೇನು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು: ಮುಟ್ಟಲೇ ಬೇಡಿ, ಎರಿ ಕಡಿಮೆ ಮಾಡಿ, ಈಗಲೇ ಪಾಲು ಮಾಡಿ. ಮೊಬೈಲಿನಲ್ಲಿ ನೋಡಿದ ವಿದೇಶಿ ವಿಡಿಯೋದಲ್ಲಿ ಮಾತ್ರ ಕೆಳಗಿನ ಪೆಟ್ಟಿಗೆಯನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಬದಲಿಸುತ್ತಿರುತ್ತಾರೆ.

ಆ ವಿಡಿಯೋದ ಲೆಕ್ಕವನ್ನು ಮೊದಲು ತಿಳಿದುಕೊಂಡರೆ ಉಳಿದದ್ದು ಸುಲಭ. ಹಿಮ ಬೀಳುವ ದೇಶಗಳಲ್ಲಿ ಮೆಲ್ಲಿಫೆರಾ (ಯುರೋಪಿನ) ಜೇನನ್ನು ಒಂದೇ ಅಳತೆಯ ಎರಡು ದೊಡ್ಡ ಕೋಣೆಗಳಲ್ಲಿ ಚಳಿಗಾಲ ಕಳೆಯಲು ಬಿಡುತ್ತಾರೆ. ನೊಣಗಳು ಗುಂಪು ಕಟ್ಟಿ, ಕೂಡಿಟ್ಟ ಜೇನು ತಿನ್ನುತ್ತಾ ಮೇಲೇರುತ್ತವೆ. ವಸಂತ ಬರುವಾಗ ಇಡೀ ಕುಟುಂಬ ಮೇಲಿನ ಕೋಣೆಯಲ್ಲಿ, ಕೆಳಗಿನದು ಖಾಲಿ. ರಾಣಿಗೆ ಮೇಲಕ್ಕೆ ಹತ್ತುವ ಸ್ವಭಾವ ಹೆಚ್ಚು, ಕೆಳಗಿಳಿಯುವುದು ಕಡಿಮೆ. ಹಾಗಾಗಿ ಕೋಣೆಗಳನ್ನು ಅದಲುಬದಲು ಮಾಡಿ ತಲೆಯ ಮೇಲೆ ಜಾಗ ಕೊಡುತ್ತಾರೆ. ನಮ್ಮಲ್ಲಿ ಕುಟುಂಬ ಸೊರಗುವುದು ಚಳಿಗಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹಾರಲು ಬಿಡದ ಮಳೆ, ಹೂವಿಲ್ಲದ ಹಸಿವು, ಪೆಟ್ಟಿಗೆಯೊಳಗಿನ ತೇವ ಸೇರಿ ಅದನ್ನು ಕುಗ್ಗಿಸುತ್ತವೆ. ಪೆಟ್ಟಿಗೆಯೂ ಬೇರೆ. ನ್ಯೂಟನ್ ಮಾದರಿಯಲ್ಲಾಗಲಿ, ಅದಕ್ಕೆ ಹತ್ತಿರದ ಐಎಸ್‌ಐ ‘ಎ’ ಮಾದರಿಯಲ್ಲಾಗಲಿ ಸಂಸಾರ ಕೋಣೆ (ರಾಣಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಕೆಳಗಿನ ಕೋಣೆ) ಒಂದೇ, ಚೌಕಟ್ಟಿನ ಎತ್ತರ ಸುಮಾರು 5¾ ಇಂಚು. ಅದರ ಮೇಲಿನ ಸೂಪರ್‌ನ ಚೌಕಟ್ಟು 2½ ಇಂಚಿನದು. ಎರಡೂ ಚೌಕಟ್ಟು ಒಂದೇ ಅಳತೆಯದಲ್ಲ, ಒಂದರ ಜಾಗದಲ್ಲಿ ಇನ್ನೊಂದು ಹೊಂದದು. ಹಾಗೆಂದು ಅದಲುಬದಲು ನಮಗೆ ಸಲ್ಲದ್ದೇ ಎಂದರೆ ಅದೂ ಅಲ್ಲ. ಒಂದು ಸಂದರ್ಭದಲ್ಲಿ ಅದೇ ಸರಿಯಾದ ದಾರಿ. ಅದು ಮುಂದೆ ಬರುತ್ತದೆ.

ಆಯ್ಕೆಗೆ ಮೊದಲು ನೋಡಬೇಕಾದದ್ದು

ಅಕ್ಟೋಬರ್ ಮೊದಲ ವಾರ, ಮೋಡವಿಲ್ಲದ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಪೆಟ್ಟಿಗೆ ತೆರೆಯಿರಿ. ಮಧ್ಯಾಹ್ನ ಕಳೆದರೆ ಹಿಂಗಾರಿನ ಗುಡುಗು ಮಳೆ ಯಾವಾಗ ಬಂದೀತೆಂದು ಹೇಳಲಾಗದು. ತೆರೆದ ಪೆಟ್ಟಿಗೆಗೆ ಮಳೆ ಬಿದ್ದರೆ ತುಡುವೆ ಎದ್ದೇ ಹೋದೀತು. ಈ ನೋಟದಲ್ಲಿ ಐದು ಸಂಗತಿ ತಿಳಿಯಬೇಕು.

ಮೊದಲನೆಯದು, ನೊಣ ಎರಡೂ ಮಗ್ಗುಲಲ್ಲಿ ಪೂರ್ತಿ ಮುಚ್ಚಿರುವ ಎರಿ ಎಷ್ಟು. ಪೆಟ್ಟಿಗೆಯಲ್ಲಿ ಎಷ್ಟು ಎರಿ ಇದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಎರಡನೆಯದು, ಮೊಟ್ಟೆ-ಮರಿ ಎಲ್ಲಿದೆ: ಸಂಸಾರ ಕೋಣೆಯ ನಡುವೆಯೋ, ಒಂದು ಬದಿಗೋ, ಸೂಪರ್‌ನಲ್ಲೋ, ಎರಡರಲ್ಲೂ ಹರಡಿದೆಯೋ. ಮೂರನೆಯದು ರಾಣಿಯ ಹುರುಪು. ರಾಣಿ ಕಣ್ಣಿಗೆ ಬೀಳಲೇಬೇಕೆಂದಿಲ್ಲ. ಎರಿಯ ಕಣಕ್ಕೊಂದರಂತೆ ತಳದಲ್ಲಿ ನೆಟ್ಟಗೆ ನಿಂತ ಮೊಟ್ಟೆ ಕಂಡರೆ ಸಾಕು. ಒಂದೇ ಕಣದಲ್ಲಿ ಎರಡು-ಮೂರು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಿದ್ದರೆ ಅದು ರಾಣಿಯಿಲ್ಲದ ಪೆಟ್ಟಿಗೆ, ಕೆಲಸಗಾರ ನೊಣಗಳೇ ಇಡುತ್ತಿವೆ ಎಂದರ್ಥ. ತುಡುವೆಯಲ್ಲಿ ಈ ಅವಸ್ಥೆ ಬಹಳ ಬೇಗ ಬರುತ್ತದೆ.

ನಾಲ್ಕನೆಯದು ರೋಗ. ಮುಚ್ಚಿದ ಕಣಗಳ ಮುಚ್ಚಳದಲ್ಲಿ ಅಲ್ಲಲ್ಲಿ ತೂತು, ಒಳಗೆ ತಲೆ ಮೇಲೆ ಮಾಡಿ ಸತ್ತ ಮರಿ, ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವುದು: ಇವು ಥಾಯ್ ಸ್ಯಾಕ್‌ಬ್ರೂಡ್ ಲಕ್ಷಣ. 1991-92ರಲ್ಲಿ ಕೇರಳ, ಕರ್ನಾಟಕದ ಪೆಟ್ಟಿಗೆಗಳನ್ನು ಬಹುಪಾಲು ಬರಿದು ಮಾಡಿದ್ದು ಇದೇ ವೈರಸ್. ಇದು ಕಂಡ ಪೆಟ್ಟಿಗೆಯ ಎರಿಯನ್ನು ಬೇರೆಯದಕ್ಕೆ ಕೊಡಕೂಡದು, ಪಾಲು ಮಾಡಕೂಡದು, ಜೋಡಿಸಕೂಡದು. ಕೆಳಗೆ ಬರೆದ ಯಾವ ದಾರಿಯೂ ಅದಕ್ಕಲ್ಲ.

ಐದನೆಯದು, ಜೇನು ಬರುವ ಹೊತ್ತಿಗೆ ಇನ್ನೆಷ್ಟು ದಿನ. ಹೆಚ್ಚಿನವರು ಬಿಡುವುದು ಇದನ್ನೇ. ಪಾಣತ್ತೂರು, ಬಂದಡ್ಕ, ರಾಜಪುರದ ಕಡೆ ರಬ್ಬರೇ ಮುಖ್ಯ ಬೆಳೆ. ಅದು ಡಿಸೆಂಬರ್-ಜನವರಿಯಲ್ಲಿ ಎಲೆ ಉದುರಿಸಿ ಚಿಗುರುತ್ತದೆ. ಎಳೆಯ ಎಲೆಯ ಮೂರು ದಳ ಕೂಡುವಲ್ಲಿರುವ ಗ್ರಂಥಿಗಳಲ್ಲಿ ಮಕರಂದ ಒಸರುತ್ತದೆ. ಜನವರಿ ಕೊನೆಯ ವಾರದಿಂದ ಮಾರ್ಚ್‌ವರೆಗೆ ಅದೇ ಸುಗ್ಗಿ. ತುಡುವೆಯ ಮೊಟ್ಟೆ ನೊಣವಾಗಿ ಹೊರಬರಲು 19-20 ದಿನ, ಆ ನೊಣ ಪೆಟ್ಟಿಗೆಯೊಳಗಿನ ಕೆಲಸ ಮುಗಿಸಿ ಹೊರಗೆ ದುಡಿಯಲು ಮತ್ತೆ ಎರಡು-ಮೂರು ವಾರ. ಅಂದರೆ ಜನವರಿ 25ಕ್ಕೆ ಮಕರಂದ ತರಬೇಕಾದ ನೊಣದ ಮೊಟ್ಟೆ ಡಿಸೆಂಬರ್ 12ರ ಸುಮಾರಿಗೆ ಬಿದ್ದಿರಬೇಕು. ಅಕ್ಟೋಬರ್ 10ರಿಂದ ಅಲ್ಲಿಯವರೆಗೆ ನಿಮಗಿರುವುದು ಮರಿಗಳ ಮೂರು ತಲೆಮಾರು. ಮೂರು ಎರಿಯ ಕುಟುಂಬ ಏಳು ಎರಿಗೆ ಏರುವುದಿದ್ದರೆ ಆ ಮೂರರಲ್ಲೇ ಏರಬೇಕು.

ಇನ್ನು ನಿಮ್ಮ ಕಡೆಯ ಲೆಕ್ಕ: ನಿಮಗೆ ಬೇಕಾದದ್ದು ಜೇನೋ, ಹೆಚ್ಚು ಕುಟುಂಬವೋ, ಗೇರಿಗೆ-ತೆಂಗಿಗೆ ಪರಾಗಸ್ಪರ್ಶವೋ, ವಾರಕ್ಕೊಮ್ಮೆ ಪೆಟ್ಟಿಗೆ ತೆರೆಯಲು ಬಿಡುವಿದೆಯೋ, ಕಟ್ಟಿದ ಎರಿ, ಖಾಲಿ ಪೆಟ್ಟಿಗೆ ಕೈಯಲ್ಲಿದೆಯೋ.

ಹಾಗೇ ಬಿಡುವುದು

ಸೋಮಾರಿತನದ ದಾರಿ ಎಂದು ಇದನ್ನು ತಳ್ಳಿಹಾಕಬೇಡಿ. ಆರು ಎರಿ ನೊಣ, ಪ್ರತಿ ಎರಿಯ ಮೇಲಂಚಿನಲ್ಲಿ ಜೇನು, ಪಕ್ಕದಲ್ಲಿ ಪರಾಗ, ಹೊಸ ರಾಣಿ – ಇಷ್ಟಿದ್ದರೆ ಕೆದಕುವ ಕೆಲಸವೇ ಇಲ್ಲ. ಅಡಿಮಣೆ ಕೆರೆದು ಶುಚಿ ಮಾಡಿ ಮುಚ್ಚಿ. ಮಂಜೇಶ್ವರ, ಕುಂಬ್ಳೆಯ ಕರಾವಳಿ ತೆಂಗಿನ ತೋಟಗಳಲ್ಲಿ ಇಂಥ ಪೆಟ್ಟಿಗೆ ಹೆಚ್ಚು ಸಿಗುತ್ತದೆ, ತೆಂಗು ವರ್ಷವಿಡೀ ಹೊಂಬಾಳೆ ಬಿಡುವುದರಿಂದ ಮಳೆ ಬಿಟ್ಟ ದಿನಗಳಲ್ಲಾದರೂ ಪರಾಗ ಬರುತ್ತದೆ. ಮನೆಯ ಹಿಂದೆ ಒಂದೆರಡು ಪೆಟ್ಟಿಗೆ ಇಟ್ಟು, ತೋಟಕ್ಕೆ ನೊಣ ಬಂದರೆ ಸಾಕು ಎನ್ನುವವರಿಗೆ ಇದೇ ಮೇಲು. ಖರ್ಚಿಲ್ಲ, ಕೆದಕಿದ ಸಿಟ್ಟಿಗೆ ನೊಣ ಪೆಟ್ಟಿಗೆ ಬಿಟ್ಟು ಹೋಗುವ ಭಯವಿಲ್ಲ.

ನಾಲ್ಕು ಎರಿಯೊಳಗಿನ ಕುಟುಂಬಕ್ಕೆ ಮಾತ್ರ ಇದು ಸಲ್ಲದು. ನೊಣವಿಲ್ಲದ ಎರಿಯನ್ನು ಕಾಯುವವರಿಲ್ಲ, ಮೇಣದ ಹುಳ ಅಲ್ಲಿಂದ ಒಳಗೆ ನುಗ್ಗುತ್ತದೆ. ಅದು ಮರಿಯಿರುವ ಎರಿ ಮುಟ್ಟಿದರೆ ತುಡುವೆ ಹೋರಾಡುವುದಿಲ್ಲ, ಜಾಗ ಖಾಲಿ ಮಾಡುತ್ತದೆ.

ಕುಗ್ಗಿಸಿ, ಮತ್ತೆ ಹಿಗ್ಗಿಸುವುದು

ನಮ್ಮ ಜಿಲ್ಲೆಯ ಹೆಚ್ಚಿನ ಪೆಟ್ಟಿಗೆಗಳಿಗೆ ಹೊಂದುವ ದಾರಿ ಇದು. ನೊಣ ಮುಚ್ಚುವಷ್ಟೇ ಎರಿ ಉಳಿಸಿ, ಉಳಿದದ್ದನ್ನು ತೆಗೆದು, ನಡುವಿನ ಖಾಲಿ ಜಾಗಕ್ಕೆ ಅಡ್ಡಹಲಗೆ ಹಾಕಿ, ನೊಣ ಹೆಚ್ಚಿದಂತೆ ಒಂದೊಂದೇ ಚೌಕಟ್ಟು ಕೊಡುತ್ತಾ ಹೋಗುವುದು. ಎರಿ ಕಡಿಮೆಯಾದಷ್ಟೂ ನೊಣ ದಟ್ಟವಾಗುತ್ತದೆ. ದಟ್ಟವಾದಾಗ ಮರಿಗಳಿಗೆ ಬೇಕಾದ 33-35 ಡಿಗ್ರಿ ಶಾಖವೂ, ಆಹಾರ ಉಣಿಸುವ ಕೈಗಳೂ ಸಿಗುತ್ತವೆ. ರಾಣಿ ಅಷ್ಟಕ್ಕೆ ತಕ್ಕಂತೆ ಮೊಟ್ಟೆ ಹೆಚ್ಚಿಸುತ್ತದೆ. ಏಳು ಎರಿಯಲ್ಲಿ ಹರಡಿದ ಮೂರು ಎರಿ ನೊಣಕ್ಕಿಂತ, ಮೂರೇ ಎರಿಯಲ್ಲಿ ಒತ್ತಿಕೊಂಡ ಅಷ್ಟೇ ನೊಣ ಬೇಗ ಬೆಳೆಯುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಹೊಗೆತಿದಿಗೆ ಒಣ ತೆಂಗಿನ ನಾರು, ಹರಿತ ಚೂರಿ, ಚಪ್ಪಟೆ ಉಳಿ, ಸಂಸಾರ ಕೋಣೆಯೊಳಗೆ ಸರಿಯಾಗಿ ಕೂರುವ ಹಲಗೆ, ಮುಚ್ಚಳವಿರುವ ಬಕೆಟ್. ಬಕೆಟ್ ತೆಗೆದ ಎರಿಗೆ. ತೆರೆದಿಟ್ಟರೆ ಬೇರೆ ಪೆಟ್ಟಿಗೆಯ ನೊಣಗಳು ಮುತ್ತಿ ಕಳವು ಶುರುವಾಗುತ್ತದೆ.

ದ್ವಾರದಲ್ಲಿ ಎರಡು ಊದು ಹೊಗೆ ಕೊಟ್ಟು ಎರಡು ನಿಮಿಷ ಕಾಯಿರಿ. ಸಂಸಾರ ಕೋಣೆಯನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಿ. ಮೆಲ್ಲಿಫೆರಾದಂತೆ ತುಡುವೆ ಮರದಂಟು ತಂದು ಸಂದುಗಳಿಗೆ ಮೆತ್ತುವುದಿಲ್ಲ. ಆದ್ದರಿಂದ ಕೋಣೆ ಸುಲಭವಾಗಿ ಬರುತ್ತದೆ, ಆದರೆ ಅದೇ ಕಾರಣಕ್ಕೆ ಓರೆಯಾಗಿ ಎತ್ತಿದರೆ ಚೌಕಟ್ಟುಗಳು ಜಾರಿ ನೊಣ, ಕೆಲವೊಮ್ಮೆ ರಾಣಿಯೇ, ನಡುವೆ ಸಿಕ್ಕಿ ಸಾಯುತ್ತದೆ. ಅಡಿಮಣೆಯ ಮೇಲೆ ಬಿದ್ದಿರುವ ಮೇಣದ ಪುಡಿಯನ್ನು ಕೆರೆದು ಸುಟ್ಟುಬಿಡಿ. ತುಡುವೆ ಹಳೆ ಎರಿಯನ್ನು ಕಚ್ಚಿ ಉದುರಿಸುತ್ತಲೇ ಇರುತ್ತದೆ, ಆ ಪುಡಿಯಲ್ಲೇ ಮೇಣದ ಹುಳ ಹುಟ್ಟಿ ಬೆಳೆಯುವುದು. ಪೆಟ್ಟಿಗೆಯ ಬುಡಕ್ಕೆ ಎಸೆದರೆ ಇರುವೆಗೆ ದಾರಿ ತೋರಿಸಿದಂತಾಗುತ್ತದೆ.

ಚೌಕಟ್ಟುಗಳನ್ನು ಬದಿಯಿಂದ ಒಂದೊಂದಾಗಿ ತೆಗೆಯಿರಿ. ನೇರವಾಗಿಯೇ ಹಿಡಿಯಬೇಕು. ಅಡ್ಡ ಮಲಗಿಸಿದರೆ ಎಳೆಯ ಎರಿ ಕಳಚಿ ಬೀಳುತ್ತದೆ. ಮೊಟ್ಟೆ-ಮರಿ ಇರುವುದು, ಜೇನು-ಪರಾಗ ಇರುವುದು, ಏನೂ ಇಲ್ಲದ ಕಪ್ಪು ಎರಿ ಎಂದು ಮೂರು ಬಗೆ ಮಾಡಿ. ಮರಿಯ ಎರಿಗಳನ್ನು ಒಂದರ ಪಕ್ಕ ಒಂದು, ಮೊದಲಿದ್ದ ಅನುಕ್ರಮದಲ್ಲೇ ಇಡಿ. ಅದರ ಎರಡೂ ಬದಿಗೆ ಆಹಾರದ ಎರಿ, ಆಮೇಲೆ ಅಡ್ಡಹಲಗೆ. ನೊಣ ನಾಲ್ಕೂವರೆ ಎರಿ ಇದ್ದರೆ ನಾಲ್ಕೇ ಉಳಿಸಿ. ಹಳೆಯ ಎರಿಯಲ್ಲಿ ಸ್ವಲ್ಪ ಮುಚ್ಚಿದ ಮರಿ ಉಳಿದಿದ್ದರೆ ಅದನ್ನು ಈಗಲೇ ಬಿಸಾಡಬೇಡಿ. ಕೊನೆಯಲ್ಲಿಟ್ಟು ಎರಡು ವಾರ ಬಿಟ್ಟು ಖಾಲಿಯಾದ ಮೇಲೆ ತೆಗೆಯಿರಿ. ಮೇಲರ್ಧ ಚೆನ್ನಾಗಿದ್ದು ಕೆಳಗಂಚು ಕಪ್ಪಾಗಿ ಮುದುಡಿದ್ದರೆ ಆ ಅಂಚನ್ನಷ್ಟೇ ಕತ್ತರಿಸಿ, ಹೊಸ ಮೇಣದಲ್ಲಿ ಅವೇ ತುಂಬಿಕೊಳ್ಳುತ್ತವೆ. ಪರಾಗದ ಎರಿಯನ್ನು ಖಾಲಿಯೆಂದು ಭಾವಿಸಿ ತೆಗೆಯುವುದು ಇಲ್ಲಿ ಸಾಮಾನ್ಯ ತಪ್ಪು. ಸಕ್ಕರೆ ಕೊಟ್ಟು ಜೇನಿನ ಕೊರತೆ ತುಂಬಬಹುದು, ಪರಾಗದ ಕೊರತೆ ಹಾಗೆ ತುಂಬದು. ಪರಾಗವಿಲ್ಲದೆ ಮರಿ ಬೆಳೆಯದು.

ಆಹಾರಕ್ಕೆ ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು. ಕುದಿಸಿದ ನೀರು ಇಳಿಸಿ ಸಕ್ಕರೆ ಕರಗಿಸಿ, ಪೂರ್ತಿ ಆರಿಸಿ. ಸಂಜೆ, ನೊಣ ಗೂಡು ಸೇರಿದ ಮೇಲೆ, 200 ಮಿಲಿಲೀಟರ್‌ನಷ್ಟನ್ನು ಗೆರಟೆಯಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಿ. ಮೇಲೆ ನಾಲ್ಕು ಬೈಹುಲ್ಲಿನ ತುಂಡು ತೇಲಿಬಿಡದಿದ್ದರೆ ಬೆಳಿಗ್ಗೆ ಗೆರಟೆ ತುಂಬ ಸತ್ತ ನೊಣ. ಮೂರು ದಿನಕ್ಕೊಮ್ಮೆ, ಸುಮಾರು ಒಂದು ತಿಂಗಳು. ಒಟ್ಟು ಒಂದೂಕಾಲು ಕಿಲೋ ಸಕ್ಕರೆ ಹಿಡಿಯುತ್ತದೆ. ಪೆಟ್ಟಿಗೆಯೊಂದಕ್ಕೆ ನೂರು ರೂಪಾಯಿಯೊಳಗಿನ ಖರ್ಚು. ಒಮ್ಮೆಲೇ ಒಂದು ಲೀಟರ್ ಕೊಟ್ಟರೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ: ರಾಣಿ ಮೊಟ್ಟೆಯಿಡಬೇಕಾದ ಕಣಗಳಲ್ಲೇ ಅವು ಪಾಕ ತುಂಬಿಸುತ್ತವೆ, ಉಳಿದದ್ದು ಹುಳಿಯಾಗುತ್ತದೆ.

ಹಿಗ್ಗಿಸುವುದಕ್ಕೆ ತಾಳ್ಮೆ ಬೇಕು. ಅಡ್ಡಹಲಗೆಗೆ ತಾಗಿದ ಎರಿಯ ಹೊರಮಗ್ಗುಲಲ್ಲೂ ನೊಣ ದಟ್ಟವಾದಾಗ ಒಂದು ಚೌಕಟ್ಟು ಕೊಡಿ, ಸಾಮಾನ್ಯವಾಗಿ ಏಳರಿಂದ ಹತ್ತು ದಿನಕ್ಕೊಂದು. ಐದು ಎರಿ ತುಂಬುವವರೆಗೆ ಅದನ್ನು ಮರಿಯ ಎರಿಗಳ ನಡುವೆ ತುರುಕಬೇಡಿ, ಬದಿಯಲ್ಲೇ ಕೊಡಿ. ನಡುವೆ ಕೊಟ್ಟರೆ ಬೇಗ ಕಟ್ಟುತ್ತವೆ ಎಂಬುದು ನಿಜ, ಆದರೆ ಬಲ ಕಡಿಮೆಯಿದ್ದಾಗ ಕುಟುಂಬ ಎರಡಾಗಿ ಸೀಳಿ, ರಾಣಿಯಿಲ್ಲದ ಕಡೆ ಮರಿ ಸೊರಗುತ್ತದೆ. ಮೇಣದ ಹಾಳೆ ಕೊಡುವುದಿದ್ದರೆ ತುಡುವೆಯದ್ದೇ ಆಗಬೇಕು, ಮೆಲ್ಲಿಫೆರಾ ಹಾಳೆಯ ಕಣ ದೊಡ್ಡದು. ಹಾಳೆ ಸಿಗದಿದ್ದರೆ ಮೇಲಿನ ಪಟ್ಟಿಯ ಒಳಮೈಗೆ ಅರ್ಧ ಇಂಚು ಅಗಲದ ಹಳೆ ಎರಿಯ ಪಟ್ಟಿ ಅಂಟಿಸಿದರೂ ನಡೆಯುತ್ತದೆ. ಕಟ್ಟಿದ ಎರಿಯೇ ಕೈಯಲ್ಲಿದ್ದರೆ ಒಂದು ವಾರದ ಲಾಭ.

ಈ ದಾರಿಯ ಬೆಲೆ ನಿಮ್ಮ ಸಮಯ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಏಳೆಂಟು ಬಾರಿ ಪೆಟ್ಟಿಗೆ ತೆರೆಯಬೇಕು. ತುಡುವೆಗೆ ಅಷ್ಟು ಕೈಯಾಟ ಸೇರದು. ಪ್ರತಿ ಬಾರಿಯೂ ಹತ್ತು ನಿಮಿಷದೊಳಗೆ ಮುಗಿಸಿ.

ಮೇಲೆ-ಕೆಳಗೆ ಮಾಡುವುದು

ಸಂಸಾರ ಕೋಣೆಯಲ್ಲೇ ಮರಿ ಇದ್ದು, ಸೂಪರ್ ಖಾಲಿಯಿದ್ದರೆ ಇದರ ಅಗತ್ಯವೇ ಇಲ್ಲ, ಸೂಪರ್ ತೆಗೆದಿಡಿ. ಸಂಸಾರ ಕೋಣೆಯಲ್ಲೂ ಸೂಪರ್‌ನಲ್ಲೂ ಮರಿ ಹರಡಿದ್ದರೆ ಅದಲುಬದಲು ಮಾಡಲೇಬೇಡಿ. ಒಂದರ ಮೇಲೊಂದು ಕೂಡಿಕೊಂಡ ಮರಿಗೂಡು ಆಗ ಎರಡು ತುಂಡಾಗಿ, ನಡುವೆ ಖಾಲಿ ಎರಿಯೋ ಜೇನಿನ ಪಟ್ಟಿಯೋ ಬರುತ್ತದೆ. ಇರುವ ನೊಣ ಎರಡನ್ನೂ ಮುಚ್ಚಲಾರದೆ ಒಂದನ್ನು ಕೈಬಿಡುತ್ತದೆ. ಹಿಮದ ನಾಡಿನಲ್ಲೂ ಇದೇ ನಿಯಮ, ವಿಡಿಯೋ ಮಾಡುವವರು ಅದನ್ನು ಯಾವಾಗಲೂ ಹೇಳುವುದಿಲ್ಲ ಅಷ್ಟೆ.

ಇದು ಸಲ್ಲುವುದು ರಾಣಿಯೂ ಮರಿಯೂ ಪೂರ್ತಿ ಸೂಪರ್‌ಗೆ ಏರಿದಾಗ. ಮಳೆಗಾಲದಲ್ಲಿ ಆಹಾರಕ್ಕೆಂದು ಒಂದು ಸೂಪರ್ ಬಿಟ್ಟವರಿಗೆ, ಕೆಳಗಿನ ಎರಿ ತೇವಕ್ಕೆ ಬೂಸಲು ಹಿಡಿದ ಪೆಟ್ಟಿಗೆಗಳಲ್ಲಿ, ಹೀಗಾಗುತ್ತದೆ. ಎರಡೂವರೆ ಇಂಚಿನ ಎರಿಯಲ್ಲಿ ರಾಣಿಗೆ ಜಾಗ ಸಾಲದು, ಸುಗ್ಗಿಯಲ್ಲಿ ಜೇನು ತೆಗೆಯಬೇಕಾದ ಎರಿ ಮರಿಯಿಂದ ಕಪ್ಪಾಗುತ್ತದೆ. ಆಗ ಮರಿಯಿರುವ ಸೂಪರನ್ನು ಅಡಿಮಣೆಯ ಮೇಲೆ, ಅದರ ಮೇಲೆ ಸಂಸಾರ ಕೋಣೆಯನ್ನು ಇಡಿ. ಸಂಸಾರ ಕೋಣೆಯಲ್ಲಿ ಹುಳ ತಿಂದ ಎರಿ ಬೇಡ. ಮೂರು ಒಳ್ಳೆಯ ಎರಿ, ಅಡ್ಡಹಲಗೆ. ಕಡಿಮೆಯೆಂದರೂ ಎರಡು ಕಟ್ಟಿದ ಎರಿ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ, ಬರೀ ಚೌಕಟ್ಟಿಗೆ ರಾಣಿ ಏರದು. ಪಾಕದ ಗೆರಟೆ ಮೇಲಿನ ಕೋಣೆಯಲ್ಲಿರಲಿ. ಏಳರಿಂದ ಹತ್ತು ದಿನದಲ್ಲಿ ಮೇಲೆ ಮೊಟ್ಟೆ ಕಾಣಬೇಕು. ಕೆಳಗೆ ಇನ್ನು ಹೊಸ ಮೊಟ್ಟೆ ಇಲ್ಲವೆಂದಾದ ದಿನದಿಂದ ಮೂರು ವಾರಕ್ಕೆ ಸೂಪರ್ ಖಾಲಿಯಾಗುತ್ತದೆ, ಆಗ ತೆಗೆದು ಮೇಣ ಮಾಡಿ. ರಾಣಿ ಗೇಟು (ರಾಣಿಯನ್ನು ದಾಟಗೊಡದ ಜಾಲರಿ) ನಡುವೆ ಹಾಕುವ ಆಸೆಯಾದೀತು. ರಾಣಿ ಮೇಲಿರುವುದು ಕಣ್ಣಾರೆ ಕಂಡರೆ ಮಾತ್ರ ಹಾಕಿ, ಗಂಡುನೊಣಗಳು ಮೇಲೆ ಸಿಕ್ಕಿಬೀಳದಂತೆ ಆಗಾಗ ಮುಚ್ಚಳ ಸರಿಸಿ. ನಿಮ್ಮ ಪೆಟ್ಟಿಗೆಯ ದ್ವಾರ ಅಡಿಮಣೆಯಲ್ಲಿಲ್ಲದೆ ಸಂಸಾರ ಕೋಣೆಯ ಹಲಗೆಯಲ್ಲೇ ಕೊರೆದದ್ದಾದರೆ ಅದು ಈಗ ಮೂರಿಂಚು ಮೇಲೆ ಹೋಗಿರುತ್ತದೆ. ಒಂದೆರಡು ದಿನ ನೊಣ ತಡಕಾಡುತ್ತದೆ, ಮತ್ತೆ ಹೊಂದಿಕೊಳ್ಳುತ್ತದೆ. ಕೆಳಗೆ ಬೇರೆ ಸಂದು ಮಾತ್ರ ಉಳಿಯಬಾರದು.

ಸೂಪರ್‌ನ ಎರಡೇ ಚೌಕಟ್ಟಿನಲ್ಲಿ ಮರಿಯಿದ್ದರೆ ಇನ್ನೂ ಹತ್ತಿರದ ದಾರಿ ಇದೆ: ಆ ಎರಿ ಕತ್ತರಿಸಿ, ಖಾಲಿ ಸಂಸಾರ ಚೌಕಟ್ಟಿನ ಮೇಲುಪಟ್ಟಿಗೆ ತಾಗಿಸಿ, ಬಾಳೆ ನಾರಿನಿಂದ ಕಟ್ಟುವುದು. ಮರಿ ಇದ್ದ ದಿಕ್ಕು ತಲೆಕೆಳಗಾಗದಿರಲಿ. ಮೂರು-ನಾಲ್ಕು ದಿನದಲ್ಲಿ ಬೆಸೆದುಕೊಳ್ಳುತ್ತದೆ, ನಾರನ್ನು ಅವೇ ಕಚ್ಚಿ ಎಳೆಯುತ್ತವೆ. ಜೇನಿರುವ ಭಾಗ ಕತ್ತರಿಸಿ ತೆಗೆದೇ ಕಟ್ಟಿ, ಸೋರಿದರೆ ಇರುವೆ. ಕತ್ತರಿಸುವಾಗ ಒಂದಷ್ಟು ಮರಿ ಸಾಯುವುದು ಇದರ ನಷ್ಟ.

ಮೆಲ್ಲಿಫೆರಾವನ್ನು ಹತ್ತು ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್ ಜೋಡಿ ಕೋಣೆಯಲ್ಲಿ ಸಾಕುವವರು ವಿಡಿಯೋದ ಪಾಠವನ್ನು ಇದ್ದಂತೆಯೇ ಪಾಲಿಸಬಹುದು: ಮರಿ ಪೂರ್ತಿ ಮೇಲಿದ್ದರೆ ಮಾತ್ರ. ಮಳೆಗಾಲ ಕಳೆದು ಎರಡು ಕೋಣೆಯ ಬಲ ಉಳಿದಿದ್ದರೆ ಎಂಬ ಮಾತು ಅದರೊಂದಿಗೆ ಸೇರಿಸಬೇಕು. ಉಳಿಯದಿದ್ದರೆ ಕೆಳಗಿನ ಖಾಲಿ ಕೋಣೆಯನ್ನು ತೆಗೆದೇಬಿಡುವುದು ಲೇಸು.

ಪಾಲು ಮಾಡುವುದು

ಆರು ಎರಿ ತುಂಬಿದ ಪೆಟ್ಟಿಗೆ ಅಕ್ಟೋಬರ್ ಕೊನೆಗೇ ಇದ್ದರೆ, ನೀವು ಪಾಲು ಮಾಡದಿದ್ದರೂ ಡಿಸೆಂಬರ್-ಜನವರಿಯಲ್ಲಿ ಅದೇ ಪಾಲಾಗಿ ಹಾರುವ ಸಂಭವ ಹೆಚ್ಚು. ಹಾರಿಸಿಕೊಂಡು ಬರೀ ಅರ್ಧ ಉಳಿಸಿಕೊಳ್ಳುವುದಕ್ಕಿಂತ ಮೊದಲೇ ಎರಡು ಮಾಡುವುದು ಜಾಣತನ. ಆದರೆ ಮುಚ್ಚಿದ ಗಂಡುಮರಿ ಕಾಣದೆ ಶುರು ಮಾಡಬೇಡಿ. ತುಡುವೆಯ ಗಂಡುಕಣದ ಮುಚ್ಚಳ ಉಬ್ಬಿ ನಡುವೆ ಸೂಜಿಮೊನೆಯಷ್ಟು ತೂತಿರುತ್ತದೆ, ಗುರುತಿಸುವುದು ಕಷ್ಟವಲ್ಲ. ಗಂಡಿಲ್ಲದೆ ಹುಟ್ಟಿದ ರಾಣಿ ಕನ್ನೆಯಾಗಿಯೇ ಉಳಿಯುತ್ತದೆ.

ದಿನಗಳ ಲೆಕ್ಕ ಹೀಗೆ: ರಾಣಿಯಿಲ್ಲದ ಪಾಲು ಎಳೆ ಮರಿಯಿಂದ ರಾಣಿ ಕೋಶ ಕಟ್ಟಿ ರಾಣಿ ಹೊರಬರಲು ಹನ್ನೆರಡು ದಿನ, ಹಾರಿ ಗಂಡು ಕೂಡಿ ಮೊಟ್ಟೆಯಿಡಲು ಮತ್ತೆ ಒಂದೆರಡು ವಾರ. ಅಲ್ಲಿಂದ ಆರು ವಾರಕ್ಕೆ ಹೊಸ ದುಡಿಮೆಗಾರ ನೊಣ. ಅಕ್ಟೋಬರ್ 25ಕ್ಕೆ ಮಾಡಿದ ಪಾಲು ಜನವರಿ ಮೊದಲಿಗೆ ಕಣ್ಣು ಬಿಡುತ್ತದೆ. ನವೆಂಬರ್ ಕೊನೆಗೆ ಮಾಡಿದ್ದು ರಬ್ಬರ್ ಸುಗ್ಗಿಯಲ್ಲಿ ಬೆಳೆಯುತ್ತಿರುತ್ತದೆಯೇ ಹೊರತು ಜೇನು ಕೂಡಿಡದು. ಮುಚ್ಚಿದ ರಾಣಿ ಕೋಶ ಕೊಟ್ಟರೆ ಒಂದು ವಾರ ಉಳಿಯುತ್ತದೆ.

ಮಾಡುವ ಕ್ರಮದಲ್ಲಿ ಒಂದೇ ಸೂಕ್ಷ್ಮ. ಹೊರಗೆ ದುಡಿಯುವ ನೊಣಗಳು ಹಳೆ ಜಾಗಕ್ಕೇ ಮರಳುತ್ತವೆ. ರಾಣಿ, ಮುಚ್ಚಿದ ಮರಿಯ ಎರಡು ಎರಿ, ಆಹಾರದ ಒಂದು ಎರಿ ಹೊಸ ಪೆಟ್ಟಿಗೆಗೆ ಹೋಗಲಿ. ಮೊಟ್ಟೆ-ಎಳೆ ಮರಿಯ ಎರಿಗಳು ಹಳೆ ಜಾಗದಲ್ಲೇ ಇರಲಿ. ಹೊಸದನ್ನು ಎರಡು ಕಿಲೋಮೀಟರ್ ಆಚೆ ಒಯ್ಯಬಹುದಾದರೆ ಸರಿ. ಇಲ್ಲದಿದ್ದರೆ ಎರಡೂ ಪೆಟ್ಟಿಗೆಗಳನ್ನು ಹಳೆ ಜಾಗದ ಎಡಬಲಕ್ಕೆ ಅರ್ಧರ್ಧ ಸರಿಸಿಟ್ಟು, ನೊಣ ಒಂದಕ್ಕೇ ಹೆಚ್ಚು ಹೋದರೆ ಅದನ್ನು ಇನ್ನಷ್ಟು ದೂರ ಸರಿಸಿ. ರಾಣಿಯಿಲ್ಲದ ಪಾಲಿನಲ್ಲಿ ಏಳನೆಯ ದಿನ ನೋಡಿ ದೊಡ್ಡ, ನೆಟ್ಟಗಿನ ಒಂದು ಕೋಶ ಉಳಿಸಿ ಬೇರೆಯವನ್ನು ತೆಗೆಯಿರಿ. ಆಮೇಲೆ ಮೂರು ವಾರ ತೆರೆಯಬೇಡಿ. ಹಿಂಗಾರು ಮಳೆ ಮಧ್ಯಾಹ್ನದ ಹೊತ್ತಿಗೇ ಹಿಡಿದುಕೊಂಡ ವಾರಗಳಲ್ಲಿ ರಾಣಿ ಹಾರಲಾಗದೆ ವ್ಯರ್ಥವಾಗುವುದುಂಟು; ಆಗ ಎರಡನ್ನೂ ಮತ್ತೆ ಒಂದು ಮಾಡಲು ಮನಸ್ಸು ತಯಾರಿರಲಿ.

ಖರ್ಚು ಹೆಚ್ಚಿನದು ಇದೇ: ಪೆಟ್ಟಿಗೆ, ಸ್ಟ್ಯಾಂಡ್, ಚೌಕಟ್ಟು, ಎರಡು ಪಾಲಿನ ಸಕ್ಕರೆ. ಕುಟುಂಬ ಮಾರುವವರಿಗೆ, ಪೆಟ್ಟಿಗೆ ಹೆಚ್ಚಿಸಬೇಕಾದವರಿಗೆ ಅದು ಕೂಡಲೇ ಮರಳುತ್ತದೆ. ಜೇನನ್ನೇ ನಂಬಿದವರಿಗೆ, ಐದು ಎರಿಯೊಳಗಿನ ಕುಟುಂಬವನ್ನು ಪಾಲು ಮಾಡುವುದೆಂದರೆ ಎರಡು ದುರ್ಬಲ ಪೆಟ್ಟಿಗೆ ಮಾಡಿಕೊಳ್ಳುವುದು.

ಎರಡು ಎರಿಗೂ ಸಾಲದ ಅಥವಾ ರಾಣಿಯಿಲ್ಲದ ಕುಟುಂಬಕ್ಕೆ ಮೇಲಿನ ಯಾವುದೂ ಬೇಡ, ಜೋಡಿಸಿಬಿಡಿ. ದಿನಕ್ಕೆ ಒಂದೆರಡು ಅಡಿಯಂತೆ ಹತ್ತಿರ ತಂದು, ಸಂಜೆ ಬಲವಾದ ಪೆಟ್ಟಿಗೆಯ ಮೇಲೆ ಸೂಜಿಯಿಂದ ಚುಚ್ಚಿದ ಪತ್ರಿಕೆಯ ಹಾಳೆ ಹಾಸಿ ಅದರ ಮೇಲಿಡಿ. ಎರಡು-ಮೂರು ದಿನದಲ್ಲಿ ಹಾಳೆ ಹರಿದು ಒಂದಾಗುತ್ತವೆ. ಎರಡು ಕಡೆಯೂ ರಾಣಿ ಇದ್ದರೆ ಹಳೆಯದನ್ನು ಮೊದಲೇ ತೆಗೆಯಬೇಕು.

ನಿಮ್ಮ ಊರಿಗೆ ಯಾವುದು

ಪೂರ್ವದ ಗುಡ್ಡೆಗಾಡಿನಲ್ಲಿ, ರಬ್ಬರ್ ಸುಗ್ಗಿಗೆಂದೇ ಸಾಕುವವರಿಗೆ ಡಿಸೆಂಬರ್ 12ರ ಗಡುವು ಕಠಿಣ. ಮೂರು-ನಾಲ್ಕು ಎರಿ ಇದ್ದರೆ ಕುಗ್ಗಿಸಿ ಹಿಗ್ಗಿಸಿ, ಈ ವರ್ಷ ಪಾಲಿನ ಆಸೆ ಬಿಡಿ. ಹತ್ತು ಪೆಟ್ಟಿಗೆಯಿದ್ದು ಎರಡು ಬಹಳ ಬಲವಾಗಿದ್ದರೆ ಅವೆರಡನ್ನು ಮಾತ್ರ ಪಾಲು ಮಾಡಿ. ಬಲವಾದದ್ದರಿಂದ ಮುಚ್ಚಿದ ಮರಿಯ ಎರಿ ತೆಗೆದು ದುರ್ಬಲಕ್ಕೆ ಕೊಟ್ಟು ಎಲ್ಲವನ್ನೂ ಸಮ ಮಾಡುವ ಕ್ರಮವೂ ಇದೆ. ರೋಗವಿಲ್ಲವೆಂಬ ಖಾತ್ರಿಯಿದ್ದರೆ ಅದು ಒಳ್ಳೆಯದು, ಸಣ್ಣ ಸಂಶಯವಿದ್ದರೂ ಬೇಡ.

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಡಕೆ-ಗೇರಿನ ನಡುವೆ ಅಷ್ಟು ಅವಸರವಿಲ್ಲ. ನಾಚಿಕೆ ಮುಳ್ಳು ಮಳೆ ಬಿಡುವ ಹೊತ್ತಿಗೇ ಪರಾಗ ಕೊಡುತ್ತದೆ, ಗೇರು ನವೆಂಬರಿನಿಂದ ಹೂ ಬಿಡತೊಡಗುತ್ತದೆ, ಕಮ್ಯುನಿಸ್ಟ್ ಗಿಡ ಡಿಸೆಂಬರ್ ಹೊತ್ತಿಗೆ ಗುಡ್ಡೆ ತುಂಬುತ್ತದೆ. ಸುಗ್ಗಿ ಒಂದೇ ಸಲ ಬಾರದೆ ಹರಡಿಕೊಂಡಿರುವುದರಿಂದ ಪಾಲಿಗೆ ಇದು ಅನುಕೂಲದ ಜಾಗ. ಇಲ್ಲಿ ಕೇಳಿಕೊಳ್ಳಬೇಕಾದ ಬೇರೆ ಪ್ರಶ್ನೆ ಅಕ್ಕಪಕ್ಕದ ಗೇರಿಗೆ ಟೀ ಸೊಳ್ಳೆಯ (ಚಿಗುರು-ಹೂವಿನ ರಸ ಹೀರುವ ಕೀಟ) ಔಷಧಿ ಯಾವಾಗ ಹೊಡೆಯುತ್ತಾರೆಂಬುದು. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೆಲದಲ್ಲಿ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಈಗ ಕೈಪಂಪಿನ ಸಿಂಪಡಣೆಯೇ ಆದರೂ ಹೂವಿಗೆ ಬಿದ್ದರೆ ಹೊರಗೆ ಹೋದ ನೊಣ ಮರಳದು. ಹೊಡೆಯುವ ದಿನ ಮೊದಲೇ ತಿಳಿದರೆ ಹಿಂದಿನ ರಾತ್ರಿ ಪೆಟ್ಟಿಗೆ ಬೇರೆಡೆ ಒಯ್ಯಬಹುದು. ಒಯ್ಯುವುದಿದ್ದರೆ ಎರಡು ಕೋಣೆಯದಕ್ಕಿಂತ ಅಡ್ಡಹಲಗೆ ಹಾಕಿದ ಒಂದೇ ಕೋಣೆ ಹಗುರ.

ಯಾವ ದಾರಿ ಹಿಡಿದರೂ ಸೂಪರ್ ಇಡುವ ಹೊತ್ತು ಒಂದೇ ಗುರುತಿನಿಂದ ತಿಳಿಯುತ್ತದೆ: ಸಂಸಾರ ಕೋಣೆಯ ಎಲ್ಲ ಎರಿಯಲ್ಲೂ ನೊಣ ತುಂಬಿ, ಚೌಕಟ್ಟಿನ ಮೇಲಂಚಿನ ಕಣಗಳು ಹೊಸ ಬಿಳಿ ಮೇಣದಿಂದ ಹೊಳೆಯತೊಡಗಿದಾಗ. ಅದಕ್ಕೆ ಮೊದಲೇ ಇಟ್ಟರೆ ಮತ್ತೆ ನೊಣ ಹರಡಿ, ಕುಗ್ಗಿಸಿದ ಶ್ರಮ ಹಾಳು. ಸೂಪರ್ ಇಡುವುದಕ್ಕೆ ಹತ್ತು ದಿನ ಮೊದಲೇ ಸಕ್ಕರೆ ಪಾಕ ನಿಲ್ಲಿಸಿ, ಇಲ್ಲದಿದ್ದರೆ ಪಾಕವೇ ಮೇಲೇರಿ ಜೇನಿನೊಂದಿಗೆ ಬೆರೆಯುತ್ತದೆ. ಡಿಸೆಂಬರಿನಿಂದಲೇ ವಾರಕ್ಕೊಮ್ಮೆ ಎರಿಗಳ ಕೆಳಗಂಚು ನೋಡಿ ರಾಣಿ ಕೋಶ ಕಂಡರೆ ತೆಗೆಯಿರಿ. ಮೊಟ್ಟೆಯಿಂದ ಎಂಟು ದಿನಕ್ಕೆ ಕೋಶ ಮುಚ್ಚುತ್ತದೆ, ಮುಚ್ಚಿದ ಮೇಲೆ ಪಾಲಾಗಿ ಹಾರುವ ಹಿಂಡನ್ನು ತಡೆಯುವುದು ಕಷ್ಟ. ಎರಡನೆಯ ಸೂಪರ್ ಬೇಕಾಗುವುದು ಮೊದಲನೆಯದು ಮುಕ್ಕಾಲು ತುಂಬಿದಾಗ. ಅದನ್ನು ಮೊದಲನೆಯದರ ಮೇಲಲ್ಲ, ಕೆಳಗೆ, ಸಂಸಾರ ಕೋಣೆಗೆ ತಾಗುವಂತೆ ಇಡಿ. ರಬ್ಬರ್ ಚಿಗುರಿಗೆ ಜನವರಿಯ ಮಂಜಿನಲ್ಲಿ ಬೂದಿರೋಗ ಬಂದು ಎಲೆ ಉದುರುತ್ತಿದ್ದರೆ ಎರಡನೆಯ ಸೂಪರ್ ಒಳಗೇ ಇರಲಿ, ಆ ವರ್ಷ ಅದಕ್ಕೆ ಕೆಲಸವಿಲ್ಲ.